ದಿದಿಯೆ ಕಿಯೊ ಮತ್ತು ನೂರು ಕೋಟಿ ಯೂರೋಗಳ ಸವಾಲು

2018ರ ಮೇ 28ರಂದು ಇಟಲಿಯ ಅಗ್ರ ಫುಟ್‌ಬಾಲ್ ಲೀಗ್ ಆದ ಸೆರಿ ಎ, ಬಾರ್ಸಿಲೋನಾದ ಮೀಡಿಯಾಪ್ರೊ ಎಂಬ ಕಂಪನಿಯೊಂದಿಗೆ ಮಾಡಿಕೊಂಡಿದ್ದ ಟಿವಿ ಹಕ್ಕುಗಳ ಒಪ್ಪಂದವನ್ನು ರದ್ದುಪಡಿಸಿತು. ವರ್ಷಕ್ಕೆ 105 ಕೋಟಿ ಯೂರೋ ಕೊಡುವುದಾಗಿ ಹೇಳಿ ಹಕ್ಕು ಗೆದ್ದಿದ್ದ ಆ ಕಂಪನಿ, ಇಟಲಿಯವರು ಕೇಳಿದ್ದ ಬ್ಯಾಂಕ್ ಗ್ಯಾರಂಟಿಯನ್ನು ಒದಗಿಸಿರಲಿಲ್ಲ. ಮರುದಿನ, ಅಂದರೆ ಮೇ 29ರಂದು, ಪ್ಯಾರಿಸ್‌ನಲ್ಲಿ ಫ್ರಾನ್ಸಿನ ವೃತ್ತಿಪರ ಫುಟ್‌ಬಾಲ್ ಲೀಗ್ ತನ್ನ ಹಕ್ಕುಗಳ ಟೆಂಡರ್ ತೆರೆಯಿತು. ಅದರಲ್ಲಿ ದೊಡ್ಡ ಪಾಲನ್ನು ಗೆದ್ದದ್ದು ಅದೇ ಮೀಡಿಯಾಪ್ರೊ. ಒಟ್ಟು ಮೊತ್ತ ವರ್ಷಕ್ಕೆ 115.3 ಕೋಟಿ ಯೂರೋ ಮುಟ್ಟಿತು. ಫ್ರಾನ್ಸಿನ ಫುಟ್‌ಬಾಲ್ ಹಕ್ಕುಗಳು ನೂರು ಕೋಟಿಯ ಗೆರೆ ದಾಟಿದ್ದು ಅದೇ ಮೊದಲು. ಆ ಟೆಂಡರನ್ನು ರೂಪಿಸಿ ನಡೆಸಿದ ಆಡಳಿತದ ಮುಖ್ಯಸ್ಥ ದಿದಿಯೆ ಕಿಯೊ. ಇವರು ಫುಟ್‌ಬಾಲ್ ಅಂಗಳದಿಂದ ಬಂದವರಲ್ಲ, ಮೊಬೈಲ್ ಫೋನಿನ ವ್ಯಾಪಾರದಿಂದ ಬಂದವರು.

ಎರಡು ವರ್ಷಗಳ ನಂತರ ಆ ಒಪ್ಪಂದ ಕುಸಿದುಬಿದ್ದದ್ದು ಯುರೋಪಿನ ಕ್ರೀಡಾ ವ್ಯವಹಾರದಲ್ಲಿ ಇಂದಿಗೂ ಉದಾಹರಣೆಯಾಗಿ ಉಳಿದಿದೆ. ಆದರೆ ಅದನ್ನು ಒಬ್ಬ ವ್ಯಕ್ತಿಯ ತಪ್ಪಿನ ಕಥೆಯಾಗಿ ಓದಿದರೆ ವಿಷಯ ಅರ್ಧದಷ್ಟೂ ತಿಳಿಯುವುದಿಲ್ಲ. ಕಿಯೊ ಅವರ ವೃತ್ತಿಜೀವನವನ್ನು ಮೊದಲಿನಿಂದ ನೋಡುತ್ತ ಬಂದರೆ, ಚಂದಾದಾರರನ್ನು ಎಣಿಸುವ ಟೆಲಿಕಾಂ ಲೆಕ್ಕ ಹೇಗೆ ಮೆಲ್ಲಗೆ ಫುಟ್‌ಬಾಲಿನ ಲೆಕ್ಕವಾಯಿತು, ಆ ಲೆಕ್ಕದಲ್ಲಿ ಯಾವ ಸಾಲು ಬಿಟ್ಟುಹೋಯಿತು ಎಂಬುದು ಕಾಣುತ್ತದೆ.

ಮೊದಲು ಟೆಲಿಕಾಂ. 1990ರ ದಶಕದಲ್ಲಿ ಫ್ರಾನ್ಸಿನಲ್ಲಿ ಮೊಬೈಲ್ ಸೇವೆ ಕೊಡುತ್ತಿದ್ದ ಅತಿ ದೊಡ್ಡ ಕಂಪನಿ ಸರ್ಕಾರಿ ಮೂಲದ ಫ್ರಾನ್ಸ್ ಟೆಲಿಕಾಂ. ಅದರ ಮೊಬೈಲ್ ಸೇವೆಯ ಹೆಸರು ‘ಇಟಿನೆರಿಸ್’. 2000ದಲ್ಲಿ ಫ್ರಾನ್ಸ್ ಟೆಲಿಕಾಂ ಬ್ರಿಟನ್ನಿನ ಆರೆಂಜ್ ಕಂಪನಿಯನ್ನು ವೋಡಾಫೋನ್‌ನಿಂದ ಸುಮಾರು 4,000 ಕೋಟಿ ಯೂರೋಗೆ ಕೊಂಡುಕೊಂಡಿತು, 2001ರ ಜೂನ್‌ನಲ್ಲಿ ಇಟಿನೆರಿಸ್ ಮತ್ತು ಅದರ ಜೊತೆಗಿದ್ದ ಹೆಸರುಗಳನ್ನೆಲ್ಲ ಅಳಿಸಿ ಆರೆಂಜ್ ಎಂಬ ಒಂದೇ ಹೆಸರನ್ನು ಇಟ್ಟಿತು. ಈ ಹೊಸ ಆರೆಂಜ್‌ನ ಫ್ರೆಂಚ್ ಶಾಖೆಯನ್ನು ಆ ದಶಕದ ಮೊದಲ ಭಾಗದಲ್ಲಿ ಮುನ್ನಡೆಸಿದವರು ಕಿಯೊ.

ಅದು ಟೆಲಿಕಾಂ ಕಂಪನಿಗಳ ಪಾಲಿಗೆ ಹಬ್ಬವೂ ಹೌದು, ಶೋಕವೂ ಹೌದು ಎನ್ನುವಂಥ ಕಾಲ. ಗ್ರಾಹಕರು ಸಾಲುಗಟ್ಟಿ ಬರುತ್ತಿದ್ದರು. ಆದರೆ ಮೂರನೆಯ ತಲೆಮಾರಿನ ಮೊಬೈಲ್ ಸೇವೆಗೆ ಬೇಕಾದ ತರಂಗಾಂತರಕ್ಕೆ ಯುರೋಪಿನ ಸರ್ಕಾರಗಳು ಕಣ್ಣು ಕುಕ್ಕುವ ಬೆಲೆ ಕೇಳಿದ್ದವು. ಬ್ರಿಟನ್ ಹರಾಜು ನಡೆಸಿ 2,250 ಕೋಟಿ ಪೌಂಡ್ ಸಂಗ್ರಹಿಸಿತು. ಫ್ರಾನ್ಸ್ ಹರಾಜಿನ ದಾರಿ ಹಿಡಿಯದೆ, ಒಂದೊಂದು ಪರವಾನಗಿಗೆ 495 ಕೋಟಿ ಯೂರೋ ಎಂದು ಬೆಲೆಯನ್ನೇ ಗೊತ್ತು ಮಾಡಿತು. ನಾಲ್ಕು ಪರವಾನಗಿಗಳು ಮಾರಾಟಕ್ಕಿದ್ದರೂ ಮುಂದೆ ಬಂದವರು ಇಬ್ಬರೇ, ಫ್ರಾನ್ಸ್ ಟೆಲಿಕಾಂ ಮತ್ತು ಅದರ ಪ್ರತಿಸ್ಪರ್ಧಿ ಮೊಬೈಲ್ ಕಂಪನಿ ಎಸ್‌ಎಫ್‌ಆರ್. ಉಳಿದವರು ಹಿಂದೆ ಸರಿದರು. ಕೊನೆಗೆ 2001ರ ಶರತ್ಕಾಲದಲ್ಲಿ ಸರ್ಕಾರವೇ ಮಣಿದು ಆ ಮೊತ್ತವನ್ನು 61.9 ಕೋಟಿ ಯೂರೋ ಮತ್ತು ಆದಾಯದ ಶೇಕಡಾ 1ಕ್ಕೆ ಇಳಿಸಿತು. ಅಷ್ಟರಲ್ಲಿ ಫ್ರಾನ್ಸ್ ಟೆಲಿಕಾಂ ಸಾಲದಲ್ಲಿ ಮುಳುಗಿತ್ತು. 2002ರ ಕೊನೆಗೆ ಅದರ ಸಾಲ 6,800 ಕೋಟಿ ಯೂರೋ ಹತ್ತಿರವಿತ್ತು.

ಈ ಪ್ರಸಂಗವನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಮುಂದೆ ಬರುವ ಒಂದು ವಸ್ತುವಿಗೆ, ಇನ್ನೂ ಹುಟ್ಟದ ಗ್ರಾಹಕರನ್ನು ನೆಚ್ಚಿಕೊಂಡು, ಇಂದೇ ಬೆಲೆ ಕೂಗಿದರೆ ಏನಾಗುತ್ತದೆ ಎಂಬುದನ್ನು ಯುರೋಪಿನ ಟೆಲಿಕಾಂ ಉದ್ಯಮ ಮೈಮೇಲೆ ಬರೆ ಎಳೆಸಿಕೊಂಡು ಕಲಿತಿತ್ತು. ಹದಿನೇಳು ವರ್ಷಗಳ ನಂತರ ಫ್ರೆಂಚ್ ಫುಟ್‌ಬಾಲ್ ಅದೇ ಪಾಠವನ್ನು ಹೊಸದಾಗಿ ಕಲಿಯಿತು.

ಆರೆಂಜ್‌ನಲ್ಲಿದ್ದಾಗ ಕಿಯೊ ಅವರಿಗೆ ಫುಟ್‌ಬಾಲ್ ಪರಿಚಯವಾದದ್ದು ಕೊಳ್ಳುವವರ ಕಡೆಯಿಂದ. 2002ರಿಂದ 2008ರವರೆಗೆ ಫ್ರಾನ್ಸಿನ ಅಗ್ರ ಶ್ರೇಣಿಯ ಹೆಸರು ‘ಲೀಗ್ 1 ಆರೆಂಜ್’ ಎಂದಿತ್ತು. ಹೆಸರಿನ ಪ್ರಾಯೋಜಕತ್ವಕ್ಕೆ ಹಣ ಕೊಟ್ಟದ್ದು ಆರೆಂಜ್. ಮೊಬೈಲ್ ಕಂಪನಿಗೆ ಫುಟ್‌ಬಾಲ್ ಏಕೆ ಬೇಕು ಎಂದರೆ, ಎಲ್ಲ ಕಂಪನಿಗಳ ಸಿಮ್ಮೂ ಹೆಚ್ಚುಕಡಿಮೆ ಒಂದೇ ಕೆಲಸ ಮಾಡುವಾಗ ಗ್ರಾಹಕ ಪಕ್ಕದ ಅಂಗಡಿಗೆ ಹೋಗದಂತೆ ಹಿಡಿದಿಡಲು ಬೇರೆ ಯಾರ ಬಳಿಯೂ ಇಲ್ಲದ ಏನಾದರೊಂದು ಬೇಕಾಗುತ್ತದೆ. ಟೆಲಿಕಾಂ ಮಂದಿ ದಿನಬೆಳಗಾದರೆ ನೋಡುವ ಅಂಕಿಗಳು ಮುಖ್ಯವಾಗಿ ಎರಡು. ತಿಂಗಳಿಗೆ ಒಬ್ಬ ಗ್ರಾಹಕನಿಂದ ಸರಾಸರಿ ಎಷ್ಟು ಹಣ ಬರುತ್ತದೆ ಎಂಬುದು ಒಂದು, ತಿಂಗಳಿಗೆ ಎಷ್ಟು ಜನ ಬಿಟ್ಟುಹೋಗುತ್ತಾರೆ ಎಂಬುದು ಇನ್ನೊಂದು. ಬೇರೆಲ್ಲೂ ಸಿಗದ ಪಂದ್ಯ ಮೊದಲನೆಯದನ್ನು ಏರಿಸಿ ಎರಡನೆಯದನ್ನು ಇಳಿಸುತ್ತದೆ ಎಂಬುದು ಅವರ ನಂಬಿಕೆ.

2006ರಲ್ಲಿ ಕಿಯೊ ಆರೆಂಜ್ ಬಿಟ್ಟು ಲಗಾರ್ದೇರ್ ಸಮೂಹದ ಮಾಧ್ಯಮ ವಿಭಾಗಕ್ಕೆ ಮುಖ್ಯಸ್ಥರಾಗಿ ಹೋದರು. ‘ಎಲ್’, ‘ಪಾರಿ ಮ್ಯಾಚ್’ ಪತ್ರಿಕೆಗಳು, ‘ಯುರೋಪ್ 1’ ರೇಡಿಯೊ ಆ ಸಮೂಹದವು. ಮುದ್ರಿತ ಪತ್ರಿಕೆಯ ಜಾಹೀರಾತು ಅಂತರ್ಜಾಲಕ್ಕೆ ಸೋರಿಹೋಗುತ್ತಿದ್ದ ವರ್ಷಗಳವು. 2011ರಲ್ಲಿ ಲಗಾರ್ದೇರ್ ತನ್ನ ವಿದೇಶಿ ಪತ್ರಿಕೆಗಳನ್ನು ಅಮೆರಿಕದ ಹರ್ಸ್ಟ್ ಕಂಪನಿಗೆ 65.1 ಕೋಟಿ ಯೂರೋಗೆ ಮಾರಿತು, ಅದೇ ವರ್ಷ ಕಿಯೊ ಅಲ್ಲಿಂದ ಹೊರಬಂದರು. ಅವರ ವೃತ್ತಿಯಲ್ಲಿ ಈ ಅಧ್ಯಾಯ ಚಿಕ್ಕದೇನಲ್ಲ, ಆದರೆ ನಮ್ಮ ವಿಷಯಕ್ಕೆ ಅದರಿಂದ ಬೇಕಾದದ್ದು ಇಷ್ಟೇ: ವಿಷಯವನ್ನು ತಯಾರಿಸುವವರ ಕಷ್ಟ ಏನೆಂಬುದನ್ನು ಅವರು ಅಲ್ಲಿ ಹತ್ತಿರದಿಂದ ನೋಡಿದ್ದರು.

ಇನ್ನು ಫುಟ್‌ಬಾಲ್ ಲೀಗ್ ಎಂಬ ಸಂಸ್ಥೆಯ ಬಗ್ಗೆ ಸ್ವಲ್ಪ ಹೇಳದೆ ಮುಂದೆ ಹೋಗುವಂತಿಲ್ಲ. ಫ್ರಾನ್ಸಿನ ವೃತ್ತಿಪರ ಫುಟ್‌ಬಾಲ್ ಲೀಗ್ ಒಂದು ಕಂಪನಿಯಲ್ಲ, ಸಂಘ. ರಾಷ್ಟ್ರೀಯ ಫುಟ್‌ಬಾಲ್ ಒಕ್ಕೂಟದ ಕೆಳಗೆ, ಲೀಗ್ 1 ಮತ್ತು ಲೀಗ್ 2 ಎಂಬ ಎರಡು ಶ್ರೇಣಿಗಳನ್ನು ನಡೆಸುವುದು ಅದರ ಕೆಲಸ. ಕ್ಲಬ್‌ಗಳೇ ಅದರ ಸದಸ್ಯರು, ಕ್ಲಬ್‌ಗಳ ಅಧ್ಯಕ್ಷರೇ ಆಡಳಿತ ಮಂಡಳಿಯಲ್ಲಿ ಗಟ್ಟಿ ದನಿಯುಳ್ಳವರು. ಟಿವಿ ಹಕ್ಕುಗಳನ್ನು ಎಲ್ಲ ಕ್ಲಬ್‌ಗಳ ಪರವಾಗಿ ಒಟ್ಟಾಗಿ ಮಾರಿ, ಬಂದ ಹಣವನ್ನು ಸೂತ್ರದಂತೆ ಹಂಚುವುದು ಲೀಗಿನ ಅತಿ ಮುಖ್ಯ ವ್ಯವಹಾರ. ಆ ಹಣದಲ್ಲಿ ಶೇಕಡಾ 5ರಷ್ಟನ್ನು ಸರ್ಕಾರ ತೆರಿಗೆಯಾಗಿ ಹಿಡಿದು ಹವ್ಯಾಸಿ ಕ್ರೀಡೆಗಳಿಗೆ ಕೊಡುತ್ತದೆ. ಕ್ಲಬ್‌ಗಳ ಲೆಕ್ಕಪತ್ರವನ್ನು ಪರಿಶೀಲಿಸಲು ಪ್ರತ್ಯೇಕ ಹಣಕಾಸು ಕಾವಲು ಸಮಿತಿಯೇ ಇದೆ. ಕೈಲಾಗದಷ್ಟು ಸಂಬಳ ಕೊಡುವ ಕ್ಲಬ್ಬನ್ನು ಕೆಳಗಿನ ಶ್ರೇಣಿಗೆ ತಳ್ಳುವ ಅಧಿಕಾರ ಅದಕ್ಕುಂಟು. ಕ್ಲಬ್ಬುಗಳ ವಹಿಯನ್ನು ಅಷ್ಟು ಕಟ್ಟುನಿಟ್ಟಾಗಿ ನೋಡುವ ವ್ಯವಸ್ಥೆ, ಆ ಕ್ಲಬ್ಬುಗಳಿಗೆಲ್ಲ ಹಣ ಕೊಡಬೇಕಾದ ಗಿರಾಕಿಯ ವಹಿಯನ್ನು ಅಷ್ಟೇ ಕಟ್ಟುನಿಟ್ಟಾಗಿ ನೋಡಲಿಲ್ಲ ಎಂಬುದು ನನ್ನ ಮಟ್ಟಿಗೆ ಈ ಕಥೆಯ ಅತ್ಯಂತ ವಿಚಿತ್ರ ಅಂಶ.

ಹಕ್ಕುಗಳ ಮಾರಾಟದ ಬಗೆಯೂ ತಿಳಿದಿರಬೇಕು. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ರಾಶಿಗೊಂದು ಲಾಟ್ ನಂಬರ್ ಕೊಟ್ಟು, ಲಾಟಿಗಿಷ್ಟು ಎಂದು ವ್ಯಾಪಾರಿಗಳು ಟೆಂಡರ್ ಹಾಕುವುದನ್ನು ನೋಡಿದವರಿಗೆ ಇದು ಹೊಸದೆನಿಸದು. ಫ್ರಾನ್ಸಿನವರೂ ‘ಲಾಟ್’ ಎಂಬ ಮಾತನ್ನೇ ಬಳಸುತ್ತಾರೆ, ಅವರ ಉಚ್ಚಾರ ‘ಲೋ’ ಎಂದಷ್ಟೇ. ವಾರದ ದೊಡ್ಡ ಪಂದ್ಯ ಒಂದು ಲಾಟಿನಲ್ಲಿ, ಶನಿವಾರ ರಾತ್ರಿಯದು ಇನ್ನೊಂದರಲ್ಲಿ, ಮೊಬೈಲಿನಲ್ಲಿ ತೋರಿಸುವ ತುಣುಕುಗಳು ಮತ್ತೊಂದರಲ್ಲಿ. ಪ್ರತಿ ಲಾಟಿಗೂ ಬಹಿರಂಗಪಡಿಸದ ಕನಿಷ್ಠ ಬೆಲೆ ಇರುತ್ತದೆ. ಅದಕ್ಕಿಂತ ಕಡಿಮೆ ಬಂದರೆ ಲೀಗ್ ಆ ಲಾಟನ್ನು ಮಾರದೆ ಹಿಂದಕ್ಕೆ ಇಟ್ಟುಕೊಳ್ಳಬಹುದು. ಆಗಿನ ಕಾನೂನಿನ ಪ್ರಕಾರ ಒಪ್ಪಂದದ ಅವಧಿ ನಾಲ್ಕು ವರ್ಷ ಮೀರುವಂತಿರಲಿಲ್ಲ.

ಇಂಥ ಮಾರಾಟದಲ್ಲಿ ಸರಕು ಎಷ್ಟು ಒಳ್ಳೆಯದು ಎಂಬುದಕ್ಕಿಂತ ಕೊಳ್ಳುವವರು ಎಷ್ಟು ಜನ ಎಂಬುದೇ ಬೆಲೆಯನ್ನು ನಿರ್ಧರಿಸುತ್ತದೆ. ಫ್ರಾನ್ಸಿನ ಇತಿಹಾಸ ಇದಕ್ಕೆ ಒಳ್ಳೆಯ ಸಾಕ್ಷಿ. ಚಂದಾ ಕಟ್ಟಿ ನೋಡುವ ಕನಾಲ್ ಪ್ಲಸ್ ಚಾನೆಲ್ 1984ರ ನವೆಂಬರ್‌ನಲ್ಲಿ ಶುರುವಾದ ಕೆಲವೇ ದಿನಗಳಲ್ಲಿ ನಾಂತ್ ಮತ್ತು ಮೊನಾಕೊ ನಡುವಿನ ಪಂದ್ಯವನ್ನು ನೇರ ಪ್ರಸಾರ ಮಾಡಿತು. ಅಲ್ಲಿಂದ ಮುಂದೆ ಫುಟ್‌ಬಾಲ್ ಎಂದರೆ ಕನಾಲ್ ಪ್ಲಸ್ ಎಂಬಂತಾಯಿತು. 2004ರ ಡಿಸೆಂಬರ್‌ನಲ್ಲಿ ಎದುರಾಳಿ ಚಂದಾ ಟಿವಿ ಕಂಪನಿ ಟಿಪಿಎಸ್‌ನ ಕೈಗೆ ಏನೂ ಸಿಗದಂತೆ ನೋಡಿಕೊಳ್ಳಲು ಕನಾಲ್ ಪ್ಲಸ್ ವರ್ಷಕ್ಕೆ 60 ಕೋಟಿ ಯೂರೋ ಕೂಗಿತು. ಫುಟ್‌ಬಾಲ್ ಇಲ್ಲದ ಟಿಪಿಎಸ್ ಸೊರಗಿ, ಕೊನೆಗೆ ಕನಾಲ್ ಪ್ಲಸ್‌ನಲ್ಲಿಯೇ ಲೀನವಾಯಿತು. ಈಗ ಲೀಗಿನ ಮುಂದೆ ಒಬ್ಬನೇ ಗಿರಾಕಿ. ಒಬ್ಬನೇ ಗಿರಾಕಿ ಇದ್ದಾಗ ಬೆಲೆ ಹೇಳುವವನು ಮಾರುವವನಲ್ಲ.

ಲೀಗಿಗೆ ಆ ಸಂಕಟದಿಂದ ಬಿಡುಗಡೆ ಕೊಟ್ಟದ್ದು ಟೆಲಿಕಾಂ. 2008ರಲ್ಲಿ ಆರೆಂಜ್ ವರ್ಷಕ್ಕೆ 20.3 ಕೋಟಿ ಯೂರೋ ಕೊಟ್ಟು ಶನಿವಾರ ರಾತ್ರಿಯ ಪಂದ್ಯವನ್ನು ಕೊಂಡಿತು, ಕನಾಲ್ ಪ್ಲಸ್ 46.5 ಕೋಟಿ ಕೊಟ್ಟಿತು, ಒಟ್ಟು 66.8 ಕೋಟಿ. ಆ ಹೊತ್ತಿಗೆ ಕಿಯೊ ಆರೆಂಜ್‌ನಲ್ಲಿ ಇರಲಿಲ್ಲ. ಆರೆಂಜ್ ತನ್ನ ಫುಟ್‌ಬಾಲ್ ಚಾನೆಲನ್ನು ತನ್ನದೇ ಇಂಟರ್ನೆಟ್ ಸಂಪರ್ಕ ಇರುವವರಿಗೆ ಮಾತ್ರ ಕೊಟ್ಟಿತು, ಪ್ರತಿಸ್ಪರ್ಧಿಗಳು ನ್ಯಾಯಾಲಯಕ್ಕೆ ಹೋದರು. ಅಧೀನ ನ್ಯಾಯಾಲಯ ಆ ಕಟ್ಟುಪಾಡನ್ನು ತಡೆಯಿತು, ಮೇಲ್ಮನವಿಯಲ್ಲಿ ಆರೆಂಜ್ ಗೆದ್ದಿತು. ಗೆದ್ದರೂ ನಿರೀಕ್ಷಿಸಿದಷ್ಟು ಚಂದಾದಾರರು ಬರಲಿಲ್ಲ. 2012ರ ಹೊತ್ತಿಗೆ ಆರೆಂಜ್ ಫುಟ್‌ಬಾಲಿನ ಸಹವಾಸ ಬೇಡವೆಂದು ಹೊರಟುಹೋಯಿತು. ಕತಾರ್‌ನ ಕ್ರೀಡಾ ಚಾನೆಲ್ ಕಂಪನಿ ಬಿಇನ್ ಬಂದು ಕೈಹಿಡಿಯದೆ ಹೋಗಿದ್ದರೆ ಬೆಲೆ ಇನ್ನೂ ಕುಸಿಯುತ್ತಿತ್ತು. ಬಿಇನ್ ಬಂದರೂ ಒಟ್ಟು ಮೊತ್ತ 61 ಕೋಟಿಯ ಆಸುಪಾಸಿಗೆ ಇಳಿಯಿತು. ಒಬ್ಬ ಗಿರಾಕಿ ಹೆಚ್ಚಾದಾಗ ಬೆಲೆ ಏರುತ್ತದೆ, ಆ ಗಿರಾಕಿ ಕೈಸುಟ್ಟುಕೊಂಡು ಹೋದಾಗ ಇಳಿಯುತ್ತದೆ.

2016ರ ವಸಂತದಲ್ಲಿ ಕಿಯೊ ಲೀಗಿನ ಕಾರ್ಯನಿರ್ವಾಹಕ ಮುಖ್ಯಸ್ಥರಾಗಿ ಬಂದಾಗ ಚಿತ್ರ ಹೀಗಿತ್ತು: 2020ರವರೆಗಿನ ಹಕ್ಕುಗಳು ಆಗಲೇ ವರ್ಷಕ್ಕೆ ಸುಮಾರು 75 ಕೋಟಿ ಯೂರೋಗೆ ಮಾರಾಟವಾಗಿದ್ದವು. ಇಂಗ್ಲೆಂಡಿನ ಲೀಗ್ ಅದರ ಹಲವು ಪಟ್ಟು ಗಳಿಸುತ್ತಿತ್ತು. ದೀರ್ಘಕಾಲ ಅಧ್ಯಕ್ಷರಾಗಿದ್ದ ಫ್ರೆದೆರಿಕ್ ತಿರಿಯೆಜ್ ಆಗಷ್ಟೇ ಕೆಳಗಿಳಿದರು. ನವೆಂಬರ್‌ನಲ್ಲಿ ನತಾಲಿ ಬ್ವಾ ದ ಲಾ ತೂರ್ ಅಧ್ಯಕ್ಷೆಯಾದರು, ಆ ಸ್ಥಾನಕ್ಕೇರಿದ ಮೊದಲ ಮಹಿಳೆ. ಅಧ್ಯಕ್ಷ ಸ್ಥಾನ ಹೆಚ್ಚಾಗಿ ಪ್ರಾತಿನಿಧ್ಯದ್ದು, ದಿನನಿತ್ಯದ ವ್ಯವಹಾರ ಕಿಯೊ ಅವರದು ಎಂಬಂತೆ ಕೆಲಸ ಹಂಚಿಕೆಯಾಯಿತು.

ಕಿಯೊ ಕಂಪನಿಯೊಂದನ್ನು ನಡೆಸುವವರಂತೆ ಲೀಗನ್ನು ನಡೆಸಲು ಹೊರಟರು. ಬೀಜಿಂಗ್‌ನಲ್ಲಿ ಕಚೇರಿ ತೆರೆಯಿತು. ಎರಡೂ ಶ್ರೇಣಿಗಳ ಹೆಸರುಗಳು ಮಾರಾಟವಾದವು: ಲೀಗ್ 2 ಮೊದಲು ಪಿಜ್ಜಾ ಕಂಪನಿಯೊಂದರ ಹೆಸರು ಹೊತ್ತಿತು, 2017ರಲ್ಲಿ ಲೀಗ್ 1ಕ್ಕೆ ಪೀಠೋಪಕರಣದ ವ್ಯಾಪಾರಿ ಕಾನ್ಫೊರಾಮಾದ ಹೆಸರು ಬಂತು, 2020ರಿಂದ 2024ರವರೆಗೆ ಊಟ ತಲುಪಿಸುವ ಊಬರ್ ಈಟ್ಸ್‌ನದು. ಇದೇ ಸಾಲಿನಲ್ಲಿ ನಮಗೆ ಪರಿಚಿತವಾದ ಹೆಸರೊಂದು ಬರುತ್ತದೆ. 2020ರಿಂದ ಫ್ರಾನ್ಸಿನ ಎರಡನೆಯ ಶ್ರೇಣಿಯ ಅಧಿಕೃತ ಹೆಸರು ‘ಲೀಗ್ 2 ಬಿಕೆಟಿ’. ಬಿಕೆಟಿ ಎಂದರೆ ಮುಂಬೈಯ ಬಾಲಕೃಷ್ಣ ಇಂಡಸ್ಟ್ರೀಸ್, ಟ್ರ್ಯಾಕ್ಟರು, ಗಣಿ ಯಂತ್ರಗಳ ಟೈರು ತಯಾರಿಸುವ ಕಂಪನಿ. ಅದರ ಬಹುಪಾಲು ಟೈರುಗಳು ವಿದೇಶಕ್ಕೆ ಹೋಗುತ್ತವೆ, ಫ್ರಾನ್ಸಿನ ಹೊಲಗಳಲ್ಲಿ ಟ್ರ್ಯಾಕ್ಟರುಗಳಿಗೆ ಕೊರತೆಯಿಲ್ಲ, ಲೀಗ್ 2ರ ಕ್ಲಬ್‌ಗಳಲ್ಲಿ ಅನೇಕವು ಸಣ್ಣ ಪಟ್ಟಣಗಳವು. ಆ ಟೈರಿನ ಗಿರಾಕಿಯೂ ಆ ಪಂದ್ಯದ ಪ್ರೇಕ್ಷಕನೂ ಒಬ್ಬನೇ ಆಗಿರುವ ಸಾಧ್ಯತೆಯನ್ನು ಕಂಡುಕೊಂಡವರನ್ನು ಮೆಚ್ಚಲೇಬೇಕು.

2017ರ ಆಗಸ್ಟ್‌ನಲ್ಲಿ ಪ್ಯಾರಿಸ್ ಸೇಂಟ್ ಜರ್ಮೇನ್ ಕ್ಲಬ್ 22.2 ಕೋಟಿ ಯೂರೋ ಕೊಟ್ಟು ನೇಮಾರ್ ಅವರನ್ನು ಬಾರ್ಸಿಲೋನಾದಿಂದ ಕರೆತಂದಿತು, ಅದೇ ಬೇಸಿಗೆಯಲ್ಲಿ ಎಂಬಾಪೆಯೂ ಆ ಕ್ಲಬ್ಬಿಗೆ ಬಂದರು. ಮಾರುವವನಿಗೆ ಇದಕ್ಕಿಂತ ಒಳ್ಳೆಯ ಮುಹೂರ್ತ ಸಿಗಲಾರದು. ಹಕ್ಕುಗಳ ಅವಧಿ ಮುಗಿಯಲು ಇನ್ನೂ ಎರಡು ವರ್ಷ ಇರುವಾಗಲೇ ಲೀಗ್ 2020–24ರ ಟೆಂಡರ್ ಕರೆಯಿತು. ಟೆಲಿಕಾಂ ಕಂಪನಿಗಳು ಆಗ ಮತ್ತೆ ಕಣದಲ್ಲಿದ್ದವು. ಎಸ್‌ಎಫ್‌ಆರ್‌ನ ಮಾಲೀಕನಾದ ಆಲ್ಟಿಸ್ ಸಮೂಹ ಇಂಗ್ಲಿಷ್ ಪ್ರೀಮಿಯರ್ ಲೀಗನ್ನೂ, ಆಮೇಲೆ ವರ್ಷಕ್ಕೆ ಸುಮಾರು 35 ಕೋಟಿ ಯೂರೋಗೆ ಚಾಂಪಿಯನ್ಸ್ ಲೀಗನ್ನೂ ಕೊಂಡುಬಿಟ್ಟಿತ್ತು. ಎಲ್ಲರ ನಡುವೆ ಪೈಪೋಟಿ ಇದೆ ಎಂಬ ಭಾವನೆ ದಟ್ಟವಾಗಿತ್ತು. ಲೀಗಿನ ಗುರಿ ನೂರು ಕೋಟಿ ಎಂಬುದು ಗುಟ್ಟೇನೂ ಆಗಿರಲಿಲ್ಲ.

ಮೇ 29ರ ಫಲಿತಾಂಶ ಹೀಗಿತ್ತು. ವಾರಕ್ಕೆ ಹತ್ತು ಪಂದ್ಯಗಳಲ್ಲಿ ಎಂಟು ಮೀಡಿಯಾಪ್ರೊ ಪಾಲಾದವು, ವರ್ಷಕ್ಕೆ ಹತ್ತಿರ ಹತ್ತಿರ 80 ಕೋಟಿ ಯೂರೋಗೆ. ಎರಡು ಪಂದ್ಯಗಳು ಬಿಇನ್‌ಗೆ, ಸುಮಾರು 33 ಕೋಟಿಗೆ. ಮೊಬೈಲ್ ತುಣುಕುಗಳು ಮತ್ತೊಂದು ಟೆಲಿಕಾಂ ಕಂಪನಿ ಫ್ರೀಗೆ. ಮೂವತ್ತಮೂರು ವರ್ಷಗಳಿಂದ ಫ್ರೆಂಚ್ ಫುಟ್‌ಬಾಲನ್ನು ಸಾಕಿಕೊಂಡು ಬಂದಿದ್ದ ಕನಾಲ್ ಪ್ಲಸ್‌ಗೆ ಏನೂ ಇಲ್ಲ. ಕ್ಲಬ್‌ಗಳ ಅಧ್ಯಕ್ಷರು ಸಂಭ್ರಮಿಸಿದರು. ಹಿಂದಿನ ಮೊತ್ತಕ್ಕಿಂತ ಅರ್ಧಕ್ಕೂ ಹೆಚ್ಚು ಏರಿಕೆ ಎಂದರೆ ಯಾರಿಗೆ ತಾನೇ ಬೇಡ?

ಹಿಂದಿನ ದಿನ ಇಟಲಿಯಲ್ಲಿ ನಡೆದದ್ದು ಯಾರಿಗೂ ತಿಳಿಯದ ಸಂಗತಿಯಲ್ಲ, ಪತ್ರಿಕೆಗಳಲ್ಲಿ ಬಂದಿತ್ತು. ಹಾಗಿದ್ದೂ ಲೀಗ್ ಬ್ಯಾಂಕ್ ಗ್ಯಾರಂಟಿಯ ಬದಲು ಮೀಡಿಯಾಪ್ರೊದ ಮಾತೃ ಕಂಪನಿಯಾದ ಜೋಯ್ ಮೀಡಿಯಾದ ಖಾತರಿಯನ್ನು ಪಡೆದುಕೊಂಡಿತು. ಎರಡಕ್ಕೂ ಇರುವ ಅಂತರ ಬಹಳ ದೊಡ್ಡದು. ಬ್ಯಾಂಕ್ ಗ್ಯಾರಂಟಿ ಎಂದರೆ ಕಂಪನಿ ಕೈಯೆತ್ತಿದ ದಿನ ಬ್ಯಾಂಕ್ ತನ್ನ ಖಜಾನೆಯಿಂದ ಹಣ ಕೊಡಬೇಕು. ಆದ್ದರಿಂದಲೇ ಬ್ಯಾಂಕು ಗ್ಯಾರಂಟಿ ಕೊಡುವ ಮುನ್ನ ಕಂಪನಿಯ ಜಾತಕ ಜಾಲಾಡುತ್ತದೆ. ಮಾತೃ ಕಂಪನಿಯ ಖಾತರಿ ಎಂದರೆ ಮಗನ ಸಾಲಕ್ಕೆ ತಂದೆ ಜಾಮೀನು ನಿಂತಂತೆ. ತಂದೆಯ ಆಸ್ತಿಯೆಲ್ಲ ಮಗನ ಅಂಗಡಿಯೇ ಆಗಿದ್ದರೆ ಆ ಜಾಮೀನು ಕಾಗದಕ್ಕಷ್ಟೇ ಬೆಲೆ. ಮೀಡಿಯಾಪ್ರೊದ ಬಹುಪಾಲು ಶೇರುಗಳನ್ನು ಅದೇ ವರ್ಷ ಚೀನಾದ ಹೂಡಿಕೆ ಸಂಸ್ಥೆಯೊಂದು ಕೊಂಡಿತ್ತು. ಆ ಚೀನೀ ಬಂಡವಾಳದ ನೆರಳೇ ಸಾಕಷ್ಟು ಭದ್ರತೆಯಾಗಿ ಕಂಡಿರಬೇಕು.

ಇಲ್ಲಿ ಕಿಯೊ ಅವರ ಪರವಾಗಿಯೂ ಒಂದು ಮಾತು ಹೇಳಬೇಕು. ಅವರು ನೌಕರರಾಗಿದ್ದ ಮುಖ್ಯಸ್ಥರು, ಮಾಲೀಕರಲ್ಲ. ಟೆಂಡರಿನ ಫಲಿತಾಂಶವನ್ನು ಒಪ್ಪಿದ್ದು ಆಡಳಿತ ಮಂಡಳಿ, ಅದರ ಹಿಂದೆ ಇದ್ದದ್ದು ಕ್ಲಬ್‌ಗಳ ಹಸಿವು. ಅತಿ ಹೆಚ್ಚು ಬೆಲೆ ಬರೆದವನನ್ನು ಬಿಟ್ಟು, ಕಡಿಮೆ ಬೆಲೆಯ ನಂಬಿಕಸ್ಥನನ್ನು ಆರಿಸೋಣ ಎಂದು ಅಂದು ಹೇಳಿದ್ದರೆ ಅವರನ್ನು ಆ ಕ್ಷಣವೇ ಮನೆಗೆ ಕಳಿಸುತ್ತಿದ್ದರೋ ಏನೋ. ಜಾತ್ರೆಯ ತೆಂಗಿನಕಾಯಿ ಸವಾಲಿನಲ್ಲಿಯೂ ಕೂಗಿದವನ ಜೇಬನ್ನು ಯಾರೂ ತಡವಿ ನೋಡುವುದಿಲ್ಲ, ಊರ ಮುಂದೆ ಕೂಗಿದ್ದಾನೆ, ಕೊಟ್ಟೇ ಕೊಡುತ್ತಾನೆ ಎಂಬ ಭರವಸೆ. ಆದರೆ ಊರಿನ ಸವಾಲಿನಲ್ಲಿ ಕೂಗಿದವನು ಮುಂದಿನ ವರ್ಷವೂ ಅದೇ ಊರಿನಲ್ಲಿ ಮುಖ ತೋರಿಸಬೇಕು. ಬಾರ್ಸಿಲೋನಾದ ಕಂಪನಿಗೆ ಆ ಹಂಗಿರಲಿಲ್ಲ.

ಲೆಕ್ಕವೇ ತಪ್ಪಾಗಿತ್ತೇ ಎಂಬುದನ್ನು ನಾವೇ ಹಾಕಿ ನೋಡಬಹುದು. ಮೀಡಿಯಾಪ್ರೊ ತೆರೆದ ‘ತೆಲೆಫೂಟ್’ ಚಾನೆಲಿನ ಚಂದಾ ತಿಂಗಳಿಗೆ 25.90 ಯೂರೋ. ಒಬ್ಬ ಚಂದಾದಾರ ವರ್ಷಪೂರ್ತಿ ಉಳಿದರೆ 310.80 ಯೂರೋ. ಹಕ್ಕಿನ 80 ಕೋಟಿಯನ್ನು ಇದರಿಂದ ಭಾಗಿಸಿದರೆ ಸುಮಾರು 25.7 ಲಕ್ಷ ಚಂದಾದಾರರು ಬೇಕು. ಇದರಲ್ಲಿ ಸರ್ಕಾರದ ತೆರಿಗೆ, ಚಾನೆಲನ್ನು ಮನೆಗೆ ತಲುಪಿಸುವ ಟೆಲಿಕಾಂ ಕಂಪನಿಗಳ ಪಾಲು, ಕ್ಯಾಮರಾ, ಸ್ಟುಡಿಯೊ, ಸಂಬಳ ಯಾವುದೂ ಸೇರಿಲ್ಲ. ಅವನ್ನೆಲ್ಲ ಸೇರಿಸಿದರೆ 35 ಲಕ್ಷ ಬೇಕೆಂದು ಕಂಪನಿಯೇ ಗುರಿ ಇಟ್ಟುಕೊಂಡಿತ್ತು. ಬಂದವರು, ಕಂಪನಿ ಹೇಳಿಕೊಂಡಂತೆಯೇ, 6 ಲಕ್ಷದ ಆಸುಪಾಸು. ಆ 6 ಲಕ್ಷ ಜನ ಇಡೀ ವರ್ಷ ಕಟ್ಟುವ ಹಣವೆಲ್ಲ ಕೂಡಿದರೂ 18.6 ಕೋಟಿ ಯೂರೋ. ಲೀಗಿಗೆ ಕಟ್ಟಬೇಕಾಗಿದ್ದ ಒಂದೇ ಒಂದು ಕಂತು 17.2 ಕೋಟಿ. ಚಂದಾದಾರರ ಲೆಕ್ಕದಲ್ಲೇ ಬೆಳೆದ ಮನುಷ್ಯನ ಕಣ್ಣಿಗೆ ಈ ಭಾಗಾಕಾರ ಬೀಳಲಿಲ್ಲ ಎಂದು ನಂಬುವುದು ನನಗೆ ಕಷ್ಟ. ಬಹುಶಃ ಕಂಡದ್ದು ಇನ್ನೊಂದು ಲೆಕ್ಕವಿರಬಹುದು: ಮೀಡಿಯಾಪ್ರೊ ಸ್ವತಃ ಚಾನೆಲ್ ನಡೆಸುವುದಕ್ಕಿಂತ, ಕೈತಪ್ಪಿದ್ದನ್ನು ಮರಳಿ ಪಡೆಯಲು ಕನಾಲ್ ಪ್ಲಸ್ ಹೇಗೂ ಬಂದು ಅದರಿಂದ ಕೊಳ್ಳುತ್ತದೆ ಎಂಬ ಎಣಿಕೆ.

ಕನಾಲ್ ಪ್ಲಸ್ ಬರಲಿಲ್ಲ. ಅದು 2019ರ ಡಿಸೆಂಬರ್‌ನಲ್ಲಿ ಬಿಇನ್‌ನ ಕೈಯಲ್ಲಿದ್ದ ಎರಡು ಪಂದ್ಯಗಳನ್ನು ಅದೇ ಬೆಲೆಗೆ ಪಡೆದುಕೊಂಡು ಸುಮ್ಮನಾಯಿತು. ಮೀಡಿಯಾಪ್ರೊಗೆ ತಾನೇ ಚಾನೆಲ್ ತೆರೆಯದೆ ಬೇರೆ ದಾರಿ ಉಳಿಯಲಿಲ್ಲ.

ಅಷ್ಟರಲ್ಲಿ ಕೋವಿಡ್ ಬಂತು. 2020ರ ಮಾರ್ಚ್‌ನಲ್ಲಿ ಪಂದ್ಯಗಳು ನಿಂತವು. ಕನಾಲ್ ಪ್ಲಸ್ ಮತ್ತು ಬಿಇನ್ ಎರಡೂ ಆಡದ ಪಂದ್ಯಕ್ಕೆ ಹಣವಿಲ್ಲವೆಂದು ಏಪ್ರಿಲ್ ಕಂತನ್ನು ತಡೆಹಿಡಿದವು. ಏಪ್ರಿಲ್ 28ರಂದು ಪ್ರಧಾನಿ ಎದುವಾರ್ ಫಿಲಿಪ್ ಸಂಸತ್ತಿನಲ್ಲಿ ಈ ಋತುವಿನ ವೃತ್ತಿಪರ ಕ್ರೀಡೆ ಮತ್ತೆ ಶುರುವಾಗುವಂತಿಲ್ಲ ಎಂದರು, ಎರಡು ದಿನದಲ್ಲಿ ಲೀಗ್ ಋತುವನ್ನು ಅಲ್ಲಿಗೇ ಮುಗಿಸಿತು. ಜರ್ಮನಿ, ಇಂಗ್ಲೆಂಡ್, ಸ್ಪೇನ್, ಇಟಲಿಗಳು ಖಾಲಿ ಕ್ರೀಡಾಂಗಣದಲ್ಲಾದರೂ ಆಟ ಮುಗಿಸಿ ಟಿವಿ ಹಣ ಉಳಿಸಿಕೊಂಡವು. ಫ್ರಾನ್ಸಿನ ಲೀಗ್ ಸರ್ಕಾರದ ಖಾತರಿಯ ಮೇಲೆ 22.45 ಕೋಟಿ ಯೂರೋ ಸಾಲ ಎತ್ತಿ ಕ್ಲಬ್‌ಗಳಿಗೆ ಹಂಚಿತು. ಮುಂದಿನ ಋತುವಿಗೆ ಮೀಡಿಯಾಪ್ರೊದ ದೊಡ್ಡ ಹಣ ಬರುತ್ತದಲ್ಲ ಎಂಬ ಧೈರ್ಯ ಎಲ್ಲರಲ್ಲೂ ಇತ್ತು, ಆ ಧೈರ್ಯದ ಮೇಲೆಯೇ ಕ್ಲಬ್‌ಗಳು ಆಟಗಾರರೊಂದಿಗೆ ಕರಾರು ಮಾಡಿಕೊಂಡಿದ್ದವು.

ಆಗಸ್ಟ್ 21ರಂದು ಬೋರ್ದೊ ಮತ್ತು ನಾಂತ್ ನಡುವಿನ ಪಂದ್ಯದೊಂದಿಗೆ ಹೊಸ ಋತುವೂ ಹೊಸ ಚಾನೆಲಿನಲ್ಲಿ ಲೀಗ್ 1ರ ಪ್ರಸಾರವೂ ಶುರುವಾದವು. ಪಂದ್ಯದಲ್ಲಿ ಒಂದೂ ಗೋಲು ಬರಲಿಲ್ಲ. ಚಾನೆಲನ್ನು ಮನೆಗಳಿಗೆ ತಲುಪಿಸುವ ಒಪ್ಪಂದಗಳನ್ನು ಎಸ್‌ಎಫ್‌ಆರ್, ಆರೆಂಜ್, ಬೂಯಿಗ್, ಫ್ರೀಗಳ ಜೊತೆ ಕೊನೆಯ ವಾರಗಳಲ್ಲಿ ಹೇಗೋ ಕುದುರಿಸಲಾಗಿತ್ತು. ಎಲ್ಲ ಪಂದ್ಯಗಳನ್ನು ನೋಡಬೇಕೆಂದರೆ ತೆಲೆಫೂಟ್‌ಗೂ ಕಟ್ಟಬೇಕು, ಕನಾಲ್ ಪ್ಲಸ್‌ಗೂ ಕಟ್ಟಬೇಕು. ಕೋವಿಡ್ ಕಾಲ ಇನ್ನೂ ಮುಗಿದಿರಲಿಲ್ಲ. ಅಂಥ ಹೊತ್ತಿನಲ್ಲಿ ತಿಂಗಳಿಗೆ 25.90 ಯೂರೋ ಹೊಸದಾಗಿ ಕಟ್ಟುವ ಮನಸ್ಸು ಎಷ್ಟು ಮನೆಗಳಿಗೆ ಬರುತ್ತದೆ?

ಸೆಪ್ಟೆಂಬರ್ 10ರಂದು ಲೀಗಿನ ಹೊಸ ಅಧ್ಯಕ್ಷರಾಗಿ ವ್ಯಾಂಸಾ ಲಬ್ರೂನ್ ಆಯ್ಕೆಯಾದರು. ಅದೇ ತಿಂಗಳಲ್ಲಿ ಕಿಯೊ ಲೀಗನ್ನು ಬಿಟ್ಟರು. ಅಕ್ಟೋಬರ್ 5ರಂದು ಕಟ್ಟಬೇಕಾಗಿದ್ದ 17.2 ಕೋಟಿಯ ಕಂತನ್ನು ಮೀಡಿಯಾಪ್ರೊ ಕಟ್ಟಲಿಲ್ಲ. ಕಂಪನಿಯ ಮುಖ್ಯಸ್ಥ ಜಾವ್ಮೆ ರೌರೆಸ್ ಕೋವಿಡ್ ಕಾರಣ ಹೇಳಿ ಬೆಲೆಯನ್ನು ಮತ್ತೆ ಮಾತಾಡೋಣ ಎಂದರು. ವ್ಯವಹಾರ ನಾಂತೆರ್‌ನ ವಾಣಿಜ್ಯ ನ್ಯಾಯಾಲಯ ನೇಮಿಸಿದ ಸಂಧಾನಕಾರರ ಮುಂದೆ ಹೋಯಿತು. ಡಿಸೆಂಬರ್ ಕಂತೂ ಬರಲಿಲ್ಲ. ಡಿಸೆಂಬರ್‌ನಲ್ಲಿ ಒಪ್ಪಂದವಾದಾಗ ಮೀಡಿಯಾಪ್ರೊ 10 ಕೋಟಿ ಯೂರೋ ಕೊಟ್ಟು ಹಕ್ಕುಗಳನ್ನು ಹಿಂದಿರುಗಿಸಿ ಹೊರನಡೆಯುವುದೆಂದು ನಿಶ್ಚಯವಾಯಿತು. ನಾಲ್ಕು ವರ್ಷಗಳಲ್ಲಿ 320 ಕೋಟಿ ಕೊಡುತ್ತೇನೆಂದವರು ಅಷ್ಟರಲ್ಲೇ ಕೈತೊಳೆದುಕೊಂಡರು. ಬ್ಯಾಂಕ್ ಗ್ಯಾರಂಟಿ ಇದ್ದಿದ್ದರೆ ಆ ದಿನ ಲೀಗಿನವರು ಸಂಧಾನಕ್ಕೆ ಕೂರುವ ಬದಲು ಬ್ಯಾಂಕಿನ ಬಾಗಿಲಿಗೆ ಹೋಗುತ್ತಿದ್ದರು. ಗ್ಯಾರಂಟಿ ಕೇಳಿದ್ದರೆ ಆ ಬೆಲೆಯೇ ಬರುತ್ತಿರಲಿಲ್ಲ ಎನ್ನುವವರೂ ಇದ್ದಾರೆ. ಅದು ನಿಜವೇ ಇರಬಹುದು. ಆದರೆ ಹಾಗಿದ್ದರೆ 115 ಕೋಟಿ ಎಂಬುದು ಲೀಗಿನ ಬೆಲೆಯೇ ಅಲ್ಲ, ಗ್ಯಾರಂಟಿ ಇಲ್ಲದಿರುವುದರ ಬೆಲೆ.

ನಂತರದ್ದನ್ನು ಬೇಗ ಹೇಳಿ ಮುಗಿಸಬಹುದು. 2021ರ ಫೆಬ್ರವರಿಯಲ್ಲಿ ತೆರೆದ ಹೊಸ ಟೆಂಡರಿಗೆ ಕನಿಷ್ಠ ಬೆಲೆಯೂ ಬರಲಿಲ್ಲ; ಕನಾಲ್ ಪ್ಲಸ್ ಉಳಿದ ಋತುವನ್ನು ತನಗೆ ಬೇಕಾದ ಬೆಲೆಗೆ ಪಡೆಯಿತು. ಜೂನ್‌ನಲ್ಲಿ ಎಂಟು ಪಂದ್ಯಗಳು ವರ್ಷಕ್ಕೆ 25 ಕೋಟಿ ಯೂರೋಗೆ ಅಮೆಜಾನ್‌ಗೆ ಹೋದವು. ತಾನು ಎರಡು ಪಂದ್ಯಕ್ಕೆ 33 ಕೋಟಿ ಕೊಡುತ್ತಿರುವಾಗ ಎಂಟಕ್ಕೆ 25 ಕೋಟಿಯೇ ಎಂದು ಕನಾಲ್ ಪ್ಲಸ್ ಸಿಟ್ಟಾಯಿತು, ಆ ಸಿಟ್ಟು ವರ್ಷಗಟ್ಟಲೆ ಆರಲಿಲ್ಲ. 2022ರಲ್ಲಿ ಹೂಡಿಕೆ ಸಂಸ್ಥೆ ಸಿವಿಸಿ 150 ಕೋಟಿ ಯೂರೋ ಕೊಟ್ಟು ಲೀಗಿನ ವಾಣಿಜ್ಯ ಆದಾಯದ ಶೇಕಡಾ 13ರ ಪಾಲುದಾರನಾಯಿತು. 2024ರಲ್ಲಿ ಡಜೋನ್ ಎಂಬ ಕಂಪನಿ ವರ್ಷಕ್ಕೆ 40 ಕೋಟಿಗೆ ಹಕ್ಕು ಕೊಂಡು, ಚಂದಾದಾರರು ಸಾಲದೆ ಒಂದೇ ಋತುವಿನ ನಂತರ ಹೊರಟಿತು.

ಗಿರಾಕಿಗಳೆಲ್ಲ ಹೀಗೆ ಬಂದುಹೋದ ಮೇಲೆ 2025ರ ಆಗಸ್ಟ್‌ನಲ್ಲಿ ಲೀಗ್, ವಾರಕ್ಕೊಂದು ಪಂದ್ಯವನ್ನು ಬಿಇನ್‌ಗೆ ಬಿಟ್ಟು, ಉಳಿದವನ್ನು ತೋರಿಸಲು ತಾನೇ ‘ಲೀಗ್ 1 ಪ್ಲಸ್’ ಎಂಬ ಚಾನೆಲ್ ತೆರೆಯಿತು. ಆರಂಭದಲ್ಲಿ ಅದರ ಚಂದಾ ತಿಂಗಳಿಗೆ 14.99 ಯೂರೋ ಇತ್ತು. ತಿಂಗಳಿಗೆ ಎಷ್ಟು ಜನ ಸೇರಿದರು, ಎಷ್ಟು ಜನ ಬಿಟ್ಟರು, ಒಬ್ಬರಿಂದ ಸರಾಸರಿ ಎಷ್ಟು ಬಂತು ಎಂದು ಎಣಿಸುವ ಕೆಲಸ ಈಗ ಲೀಗಿನ ಕಚೇರಿಯಲ್ಲೇ ನಡೆಯುತ್ತದೆ. ಆ ಚಾನೆಲನ್ನು ಮನೆಮನೆಗೆ ತಲುಪಿಸುವ ಕಂಪನಿಗಳಲ್ಲಿ ಆರೆಂಜ್ ಕೂಡ ಒಂದು.